ಹೇಳಿದ್ರೆ ಹೊಡೀತೀಯಾ ಅಜ್ಜಿ?

ಅಶೋಕಪುರಂನ ಕೆಂಚಮ್ಮನವರಿಗೆ ಟಿವಿಯ ಕ್ರೈಂ ಧಾರಾವಾಹಿ ಎಂದರೆ ಪ್ರಾಣ. ಭಾನುವಾರ ಊಟ ಮುಗಿಸಿ, ರವಿಕೆಗೆ ಹುಕ್ಕು ಹೊಲಿಯುತ್ತ ಕೂತರೆ ಕರೆದರೂ ಓಗೊಡುವವರಲ್ಲ. ಪಕ್ಕದಲ್ಲೇ ಹತ್ತು ವರ್ಷದ ಮೊಮ್ಮಗಳು ಅನು.

ಆ ವಾರವೆಲ್ಲ ಅನು ಹೊಟ್ಟೆನೋವು ಎಂದು ಟ್ಯೂಷನ್ನಿಗೆ ಹೋಗಿರಲಿಲ್ಲ. ಅವಳನ್ನು ನೋಡಿಹೋಗಲು ಪಕ್ಕದ ಮನೆಯ ನರ್ಸ್ ಏಂಜೆಲಿನ್ ಬಂದರು. ಟಿವಿ ಕಡೆ ಅವರ ಕಣ್ಣು ಹೋಯಿತು.

"ಮಗೂನ ಕೂರಿಸ್ಕೊಂಡು ಇದನ್ನ ನೋಡ್ತೀರಾ ಕೆಂಚಮ್ಮೋರೆ?"

"ನೋಡ್ಲಿ ಬುಡಮ್ಮ. ಲೋಕ ಎಂಗೈತೆ ಅಂತ ಗೊತ್ತಾದ್ರೆ ಉಷಾರಾಗಿರ್ತಾಳೆ."

ಏಂಜೆಲಿನ್ ವಾದ ಮಾಡಲಿಲ್ಲ. ಚಾಪೆಯ ಮೇಲೆ ಕೂತರು. "ಸರಿ, ನಾನೂ ನೋಡ್ತೀನಿ. ಒಂದು ಗಮನಿಸಿ. ಅನ್ಯಾಯ ಆದ ಹುಡುಗೀನ ಯಾರಾದ್ರೂ ಸಮಾಧಾನವಾಗಿ ಮಾತಾಡಿಸ್ತಾರಾ ಅಂತ."

ಕೆಂಚಮ್ಮ ಎಂದೂ ಹಾಗೆ ನೋಡಿದವರಲ್ಲ. ಕುತೂಹಲಕ್ಕೆ ಸೂಜಿ ನಿಂತಿತು. ಪರಿಚಯದವನಿಂದ ಕಿರುಕುಳಕ್ಕೆ ಒಳಗಾದ ಶಾಲಾ ಹುಡುಗಿಯ ಕಥೆ ಅದು. ಅವಳ ಅಳುಮುಖವನ್ನು ನಾಲ್ಕು ಸಲ ತೋರಿಸಿದರು, ಪ್ರತಿ ಸಲವೂ ಎದೆ ನಡುಗಿಸುವ ಸದ್ದು. ಅಮ್ಮನಿಗೆ ಹೇಳಿದಾಗ ಅಮ್ಮ ಕೆನ್ನೆಗೆ ಬಾರಿಸಿದಳು. ಕೊನೆಗೆ ಅಪರಾಧಿ ಸಿಕ್ಕಿಬಿದ್ದ, ಕಥೆ ಮುಗಿಯಿತು.

"ಯಾರೂ ಮಾತಾಡಿಸ್ಲೇ ಇಲ್ವಲ್ಲ," ಎಂದರು ಕೆಂಚಮ್ಮ. "ಆಮ್ಯಾಕೆ ಆ ಮಗೀಗೆ ಏನಾಯ್ತು?"

"ಅದೇ ನೋಡಿ. ಇಂಥದ್ದನ್ನ ಜವಾಬ್ದಾರಿಯಿಂದ ತೋರಿಸೋರೂ ಇದ್ದಾರೆ. ಸಹಾಯ ಎಲ್ಲಿ ಸಿಗುತ್ತೆ ಅಂತಾನೂ ಹೇಳ್ತಾರೆ. ಕೆಲವರು ಬರೀ ದಿಗಿಲು ಹುಟ್ಟಿಸ್ತಾರೆ. ನಾವು ಬಿಡಿಸಿ ಹೇಳ್ದೆ ಹೋದ್ರೆ ಮಕ್ಕಳು ಅದನ್ನೇ ನಿಜ ಅಂದ್ಕೊಳ್ತಾರೆ."

ಆಗ ಅನು ಮೆಲ್ಲಗೆ ಕೇಳಿದಳು, "ಹೇಳಿದ್ರೆ ನೀನೂ ಹೊಡೀತೀಯಾ ಅಜ್ಜಿ?"

"ಏನ್ ಹೇಳಿದ್ರೆ, ಕೂಸೇ?"

ಟ್ಯೂಷನ್ ಮನೆಯ ಅಣ್ಣನೊಬ್ಬ ಮೊಬೈಲಿನಲ್ಲಿ ಕೆಟ್ಟ ಚಿತ್ರ ತೋರಿಸಿದ್ದ. ಯಾರಿಗೂ ಹೇಳಬೇಡ ಎಂದು ಹೆದರಿಸಿದ್ದ. ಎರಡು ಸಲ ಹೀಗಾಗಿತ್ತು ಎಂದಳು ಅನು.

'ನೀನ್ಯಾಕೆ ನೋಡ್ದೆ' ಎಂಬ ಮಾತು ಕೆಂಚಮ್ಮನವರ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡರು. ಅನುವನ್ನು ಹತ್ತಿರ ಎಳೆದುಕೊಂಡರು.

"ಇಲ್ಲ ಕಣವ್ವ, ಹೊಡಿಯಲ್ಲ. ನಿಂದೇನೂ ತಪ್ಪಿಲ್ಲ. ಹೇಳಿದ್ದು ಒಳ್ಳೇದಾಯ್ತು, ನಾನು ನಂಬ್ತೀನಿ."

ಅನುವಿನ ತಾಯಿ ಧರಣಿ ಕೆಲಸದಿಂದ ಬಂದ ಕೂಡಲೇ ದೊಡ್ಡವರು ಮೂವರೂ ಕೂತು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಮಾರನೆಯ ದಿನ ಸಹಾಯವಾಣಿಯ ಕಡೆಯ ಇಬ್ಬರು ಮನೆಗೇ ಬಂದು ಅನುವಿನ ಹತ್ತಿರ ನಿಧಾನವಾಗಿ ಮಾತಾಡಿದರು. ಪೊಲೀಸರಲ್ಲಿ ದೂರು ದಾಖಲಾಯಿತು. ಅದೇ ಟ್ಯೂಷನ್ನಿನ ಇನ್ನೊಂದು ಹುಡುಗಿಯ ತಂದೆತಾಯಿಯೂ ಬಂದು ತಮ್ಮ ಮಗಳಿಗೂ ಹೀಗೇ ಆಗಿತ್ತೆಂದರು. ಅನುವಿನ ಹೊಟ್ಟೆನೋವು ಒಂದೇ ದಿನಕ್ಕೆ ಹೋಗಲಿಲ್ಲ. ಆಪ್ತ ಸಮಾಲೋಚಕರ ಬಳಿ ಕೆಲವು ವಾರ ಹೋಗಿಬಂದ ಮೇಲೆ ಕಡಿಮೆಯಾಯಿತು.

"ಟಿವೀಲಿ ನೂರು ಕೇಸು ನೋಡ್ದೆ," ಎಂದರು ಕೆಂಚಮ್ಮ ಮಗಳು ಧರಣಿಗೆ. "ಪಕ್ಕದಲ್ಲೇ ಕೂತಿದ್ ಮಗೀನ ಮುಖ ನೋಡ್ಲಿಲ್ಲ ಕಣೆ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಚಿಕ್ಕ ಮಕ್ಕಳ ಎದುರು ಇಂಥ ಧಾರಾವಾಹಿ ಹಾಕಬೇಡಿ. ದೊಡ್ಡ ಮಕ್ಕಳು ನೋಡುತ್ತಿದ್ದರೆ ಜೊತೆಗೆ ಕೂತು, ಯಾವುದು ಸರಿ, ಯಾವುದು ತಪ್ಪು ಎಂದು ಮಾತಾಡಿ. ಮಗು ಏನಾದರೂ ಹೇಳಿಕೊಂಡರೆ ಗದರಬೇಡಿ, ಮೊದಲು ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ನಿಮ್ಮ ಮನೆಯ ಮಗು ಒಂದು ಮಾತು ಹೇಳಲು ಎಷ್ಟು ದಿನದಿಂದ ಕಾಯುತ್ತಿದೆಯೋ ಯಾರು ಬಲ್ಲರು. ಇವತ್ತೇ ಟಿವಿ ಆರಿಸಿ, ಕೇಳಿನೋಡಿ.