ಮೊದಲು ಒದ್ದೆಯಾದ ಮಡಿಲು

ನನ್ನ ಬಾಯಿ ಸ್ವಲ್ಪ ಜೋರು. ಭೇಲೂಪುರದ ತರಕಾರಿಯವರಿಗೂ ಗೊತ್ತು, ನನ್ನ ಯಜಮಾನರಿಗೂ ಗೊತ್ತು. ರೈಲ್ವೆ ನೌಕರಿಯ ಹಿಂದೆ ತುಮಕೂರಿನಿಂದ ಕಾಶಿಗೆ ಬಂದು ಇಲ್ಲೇ ಬೇರು ಬಿಟ್ಟವರು ನಾವು. ಮಹಡಿ ಮನೆಗೆ ಬ್ಯಾಂಕಿನ ವಿಘ್ನೇಶ್ ಮತ್ತು ಅವನ ಹೆಂಡತಿ ವೈದೇಹಿ ಬಾಡಿಗೆಗೆ ಬಂದಾಗ, ಕನ್ನಡ ಆಡುವ ಎರಡು ಜೀವ ಸಿಕ್ಕವಲ್ಲ ಎಂದು ಮೊದಲ ದಿನವೇ ಒಂದು ಪಾತ್ರೆ ಹುಳಿ ಕಳಿಸಿದ್ದೆ. ವೈದೇಹಿಗೆ ತಾಯಿ ಇರಲಿಲ್ಲ. ಬಸುರಿಯಾದಾಗ ಬಾಣಂತನಕ್ಕೆ ಯಾರಿದ್ದಾರೆ ಎಂದು ಅವಳು ಮುಖ ಸಣ್ಣದು ಮಾಡಿದ್ದಕ್ಕೆ, "ಯಾಕೆ, ನಾನೇನು ಸತ್ತುಹೋಗಿದೀನಾ?" ಎಂದು ರೇಗಿದ್ದೆ.

ನನ್ನ ಹಳೆಯ ಹತ್ತಿ ಸೀರೆಯನ್ನು ಹರಿದು ಮಗುವಿಗೆ ಬಟ್ಟೆ ಮಾಡುತ್ತ ಕೂತಾಗ ನಾನೇ ಒಂದು ಕರಾರು ಹಾಕಿದೆ.

"ನೋಡಪ್ಪ ವಿಘ್ನೇಶ, ಮಗು ಮೊದಲು ಯಾರ ಮಡಿಲಲ್ಲಿ ಉಚ್ಚೆ ಹುಯ್ಯುತ್ತೋ ಅವರಿಗೆ ನೀನು ಸೀರೆ ಕೊಡಿಸ್ಬೇಕು. ಬನಾರಸದಲ್ಲಿದ್ದುಕೊಂಡು ಜಿಪುಣತನ ಮಾಡೋ ಹಾಗಿಲ್ಲ."

"ನೀವು ಮಗೂನ ಮಡಿಲಿಂದ ಇಳಿಸಿದ್ರೆ ತಾನೇ ಆಂಟಿ, ಬೇರೆಯವರು ಗೆಲ್ಲೋದು!" ಎಂದು ಅವನು ನಕ್ಕ. ವೈದೇಹಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೆರಿಗೆ ಕಷ್ಟವಾಯಿತು. ಗಂಡು ಮಗು, ಹುಟ್ಟಿದ ಕೂಡಲೇ ಅಳಲಿಲ್ಲ. ಹಾಗೇ ಎತ್ತಿಕೊಂಡು ಎಳೆಗೂಸುಗಳ ಐಸಿಯುಗೆ ಓಡಿದರು. ಅಲ್ಲಿನ ಡಾಕ್ಟರ್ ಚಿದಾನಂದ ದಾವಣಗೆರೆ ಕಡೆಯವರು. ದೇವರು ಇಷ್ಟಾದರೂ ಕಣ್ಣು ಬಿಟ್ಟನಲ್ಲ ಅಂದುಕೊಂಡೆ.

"ಉಸಿರು ಸಾಲದೇ ಇದ್ದಾಗ ದೇಹ ಮೊದಲು ಮೆದುಳು, ಹೃದಯ ಉಳಿಸ್ಕೊಳ್ಳೋಕೆ ನೋಡತ್ತಮ್ಮ. ಕಿಡ್ನಿಗೆ ಹೋಗೋ ರಕ್ತ ಕಡಿಮೆ ಆಗತ್ತೆ. ಇವನ ಕಿಡ್ನಿಗೆ ಪೆಟ್ಟು ಬಿದ್ದಿದೆ. ಉಚ್ಚೆ ಬರ್ತಿಲ್ಲ. ಬಂದ್ರೆ ಚೇತರಿಸ್ಕೊಳ್ತಿದೆ ಅಂತ ಲೆಕ್ಕ" ಎಂದರು.

"ನೀರೇ ಸರಿಯಾಗಿ ಕೊಡದೆ ಉಚ್ಚೆ ಎಲ್ಲಿಂದ ಬರತ್ತೆ ಡಾಕ್ಟ್ರೇ?" ಎಂದು ನಾನು ಜಗಳಕ್ಕೇ ನಿಂತೆ.

"ಹೊರಗೆ ಹೋಗದ ನೀರು ಶ್ವಾಸಕೋಶಕ್ಕೆ ಇಳಿಯತ್ತೆ ತಾಯಿ. ಅದಕ್ಕೇ ಅಳೆದು ಕೊಡ್ತಿದೀವಿ" ಎಂದರು. 

ಅಲ್ಲಿ ಮಗುವಿನ ಬಟ್ಟೆಯನ್ನೂ ತೂಗುತ್ತಿದ್ದರು. ಕಟ್ಟುವ ಮೊದಲು ಒಮ್ಮೆ, ಬಿಚ್ಚಿದ ಮೇಲೆ ಒಮ್ಮೆ. ಎಷ್ಟು ಹೆಚ್ಚಾಯಿತೋ ಅಷ್ಟು ಉಚ್ಚೆ. ವೈದೇಹಿ ಕೈ ತೊಳೆದು ಒಳಗೆ ಹೋಗಿ ಬಟ್ಟೆ ಬದಲಿಸಿ ಬರುತ್ತಿದ್ದಳು. ನನ್ನ ಸೀರೆಯ ತುಂಡುಗಳು ಒಣಗಿದ್ದು ಹೋಗಿ ಒಣಗಿದ್ದೇ ಬರುತ್ತಿದ್ದವು. ಕಾಶಿಯಲ್ಲಿ ಜನ ಮೋಕ್ಷಕ್ಕೆ ಬೇಡಿಕೊಳ್ಳುತ್ತಾರೆ. ನಾನು ವಿಶ್ವನಾಥನಿಗೆ ಕೈ ಮುಗಿದು, ಒಂದು ತೊಟ್ಟು ಉಚ್ಚೆ ಕೊಡಪ್ಪ ಎಂದು ಬೇಡಿಕೊಂಡೆ.

ಒಂದು ಸಂಜೆ ಡಾಕ್ಟರು, "ನಾಳೆ ಬೆಳಿಗ್ಗೆವರೆಗೆ ನೋಡ್ತೀನಿ. ಬರ್ಲಿಲ್ಲ ಅಂದ್ರೆ ಹೊಟ್ಟೆಗೆ ಒಂದು ಸಣ್ಣ ನಳಿಕೆ ಹಾಕಿ ಡಯಾಲಿಸಿಸ್ ಮಾಡ್ಬೇಕು. ರಕ್ತ ಕೆಡ್ತಾ ಇದೆ" ಎಂದರು.

ವೈದೇಹಿ ನನ್ನ ಕೈ ಹಿಡಿದುಕೊಂಡಳು. "ಅಷ್ಟು ಚಿಕ್ಕ ಹೊಟ್ಟೇನ ತೂತು ಮಾಡ್ತಾರಾ ಆಂಟಿ?" 

ಬೆಳಿಗ್ಗೆ ಬಟ್ಟೆ ಒದ್ದೆಯಾಗಿತ್ತು! ನರ್ಸು ತೂಗಿ, ಬಾಗಿಲಿಗೇ ಬಂದು, "ಮಾತಾಜಿ, ಹೋ ಗಯಾ!" ಎಂದಳು, ಆಯ್ತಮ್ಮ ಅಂತ. ವಿಘ್ನೇಶ್ ಅತ್ತುಕೊಂಡೇ ಕಾವಲಿನವನಿಗೂ ಚಹಾ ತರಿಸಿದ. ಡಾಕ್ಟರ ಮುಖವೂ ಸಡಿಲವಾಯಿತು. "ಹಾಗಾದ್ರೆ ನಳಿಕೆ ಈಗ್ಲೇ ಬೇಡ. ಸಂಜೆ ಇನ್ನೊಂದ್ಸಲ ರಕ್ತ ನೋಡೋಣ" ಎಂದರು. ಎರಡನೆಯ ಬಟ್ಟೆಯೂ ಒದ್ದೆ. ವೈದೇಹಿ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ.

ಒಗೆಯಲೆಂದು ಬಟ್ಟೆಗಳನ್ನು ನನ್ನ ಕೈಗೆ ಕೊಟ್ಟರು. ಮೂರು ಹೆತ್ತವಳು ನಾನು, ಅಭ್ಯಾಸಬಲದಿಂದ ಮೂಗಿಗೆ ಹಿಡಿದೆ. ವಾಸನೆಯೇ ಇಲ್ಲ. ಇನ್ನೊಂದನ್ನು ಹಿಡಿದೆ. ಬರೀ ಆಸ್ಪತ್ರೆಯ ಸೋಪಿನ ವಾಸನೆ. ಬಟ್ಟೆಗಳನ್ನು ಹಿಡಿದುಕೊಂಡೇ ವೈದೇಹಿಯನ್ನು ಹುಡುಕಿ ಹೊರಟೆ.

ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. "ವೈದೇಹಿ, ಏನೇ ಮಾಡಿದೆ ನೀನು?"

"ಕೈ ತೊಳೆಯೋ ನಲ್ಲಿ ನೀರು ಆಂಟಿ." ಎಂದಳು. "ಇವತ್ತೊಂದು ದಿನ ಬಿಟ್ಬಿಡ್ಲಿ ಅವನನ್ನ. ಇವತ್ತು ಅವನೇ ಹುಯ್ತಾನೆ, ನಂಗೊತ್ತು. ಹೇಳ್ಬೇಡಿ, ನಿಮ್ ಕಾಲಿಗೆ ಬೀಳ್ತೀನಿ." ಹಸಿ ಬಾಣಂತಿ, ನಿಜಕ್ಕೂ ಬಗ್ಗಿಬಿಟ್ಟಳು.

ಹೊಡೆಯಲೆಂದೇ ಕೈ ಎತ್ತಿದೆ, ಸಿಟ್ಟು ಅಷ್ಟು ಬಂದಿತ್ತು. ಕೈ ಹೋಗಿ ಅವಳ ತಲೆಯ ಮೇಲೆ ಕೂತಿತು. "ಅಯ್ಯೋ ಹುಚ್ಚಿ, ಅಯ್ಯೋ ನನ್ನ ಕಂದ" ಎಂದೆ. ಸುಮ್ಮನಿದ್ದರೆ ಅವಳಿಗೆ ನಾನು ತಾಯಿ, ಬಾಯಿ ಬಿಟ್ಟರೆ ವೈರಿ. ಎದ್ದು ಹೋಗಿ ಡಾಕ್ಟರಿಗೆ ಹೇಳಿದೆ.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು ನೇರ ಒಳಗೆ ನಡೆದರು. ಅದೇ ಮಧ್ಯಾಹ್ನ ನಳಿಕೆ ಹಾಕಿದರು. ವೈದೇಹಿ ನನ್ನ ಜೊತೆ ಮಾತು ಬಿಟ್ಟಳು. ನಾನು ತಂದ ಗಂಜಿಯನ್ನು ಮುಟ್ಟಲಿಲ್ಲ. ಮುಟ್ಟದಿದ್ದರೂ ತರುತ್ತಿದ್ದೆ, ಇನ್ನೇನು ಮಾಡಲಿ? ಮಗುವಿನ ಹೊಟ್ಟೆಗೆ ಔಷಧಿ ನೀರು ಇಳಿಸುವುದು, ವಾಪಸು ತೆಗೆಯುವುದು ನಡೆದೇ ಇತ್ತು. ಮೈಯ ಬಾವು ಸ್ವಲ್ಪ ಇಳಿದಿತ್ತು. ಆದರೆ ಆ ಪುಟ್ಟ ಹೃದಯ ಸೋತಿತು. ಒಂದು ಬೆಳಿಗ್ಗೆ ಡಾಕ್ಟರು ಹೊರಗೆ ಬಂದು, ಮಗು ಹೋಯಿತು ಎಂದರು.

ಆಮೇಲೆ ವೈದೇಹಿಯ ಮುಂದೆ ಕೂತು, "ಆ ಅರ್ಧ ದಿನದಿಂದ ಹೀಗಾಗಿದ್ದಲ್ಲಮ್ಮ. ಪೆಟ್ಟು ಮೊದಲೇ ದೊಡ್ಡದಿತ್ತು" ಎಂದರು. ಅದು ನಿಜವೋ, ಕರುಣೆಯೋ ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ನಳಿಕೆಗಳನ್ನೆಲ್ಲ ತೆಗೆದು, ನನ್ನ ಸೀರೆಯ ಬಟ್ಟೆಯಲ್ಲೇ ಸುತ್ತಿ ಮಗುವನ್ನು ತಂದರು. ವೈದೇಹಿ ಕೈ ಚಾಚಲಿಲ್ಲ, ಗೋಡೆ ನೋಡುತ್ತ ಕೂತಳು. ನಾನೇ ಬೆಂಚಿನ ಮೇಲೆ ಕೂತು ಮಡಿಲಿಗೆ ಹಾಕಿಕೊಂಡೆ. ಇನ್ನೂ ಬೆಚ್ಚಗಿದ್ದ. ಹರಿಶ್ಚಂದ್ರ ಘಾಟಿನ ಸ್ಮಶಾನಕ್ಕೆ ಆಟೋ ಹೇಳಿ ವಿಘ್ನೇಶ್ ವಾಪಸು ಬರುವ ಹೊತ್ತಿಗೆ, ನನ್ನ ತೊಡೆಯ ಮೇಲೆ ಏನೋ ಒದ್ದೆ ಹರಡಿತು.

ಒಳಗೆ ಉಳಿದಿದ್ದದ್ದು ಈಗ ಬಂತೋ, ಕೊನೆಗಳಿಗೆಯಲ್ಲಿ ಕಿಡ್ನಿ ಎಚ್ಚೆತ್ತಿತ್ತೋ, ನನಗೇನು ಗೊತ್ತು? "ವೈದೇಹಿ, ಉಚ್ಚೆ ಹುಯ್ದ ಕಣೆ" ಎಂದೆ.

ಅಷ್ಟು ದಿನದ ಮೇಲೆ ಅವಳು ನನ್ನ ಮುಖ ನೋಡಿದಳು. "ನೀವೂ ನೀರು ಹಾಕಿದ್ರಾ ಆಂಟಿ?"

 ಬಟ್ಟೆಯ ತುದಿಯನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಅವಳು ಒಮ್ಮೆ ಮೂಸಿದಳು. ಇನ್ನೊಮ್ಮೆ ಉಸಿರು ಎಳೆದುಕೊಂಡಳು. ಆಮೇಲೆ ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಂಡು, ಆ ಒದ್ದೆ ಬಟ್ಟೆಯಲ್ಲಿ ಮುಖ ಹುದುಗಿಸಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿ ಗಂಡನನ್ನು ನೋಡಿದಳು.

"ರೀ, ಆಂಟಿಗೆ ಸೀರೆ ಕೊಡಿಸ್ಬೇಕು."

ವಿಘ್ನೇಶ್ ಗೋಡೆಗೆ ಹಣೆ ಒತ್ತಿಕೊಂಡು, "ಹೂಂ" ಎಂದ.