ಮಾತುಬಿಟ್ಟವರ ಹದಿಮೂರು ಮೈಲು

ಕುಶಾಲಪ್ಪನೂ ಚನಿಯಪ್ಪನೂ ಮಾತುಬಿಟ್ಟು ನಾಲ್ಕು ವರ್ಷವಾಗಿತ್ತು. ರಿಲೇ ಓಟದಲ್ಲಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗಬೇಕಾದ ಕೋಲು ನೆಲಕ್ಕೆ ಬಿದ್ದಿತ್ತು. ಬೀಳಿಸಿದ್ದು ಯಾರೆಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ನಮ್ಮಲ್ಲಿ ಮಾತುಬಿಡುವುದೆಂದರೆ ಮಾತಾಡದೆ ಇರುವುದಲ್ಲ. ಅಷ್ಟು ಸಂಯಮ ಯಾರಿಗಿದೆ? ನಡುವೆ ಒಬ್ಬನನ್ನು ನಿಲ್ಲಿಸಿಕೊಂಡು ಅವನ ಮೂಲಕ ಮಾತಾಡುವುದು. ನೇರವಾಗಿ ಮೊದಲು ಬಾಯಿಬಿಟ್ಟವನು ಸೋತ ಹಾಗೆ. ತುಳುವಿನಲ್ಲಿ ಹುಟ್ಟಿದ ಜಗಳ, ಮಧ್ಯಸ್ಥ ಬಂದ ಮೇಲೆ ಕನ್ನಡಕ್ಕೆ ಬಡ್ತಿ ಪಡೆದಿತ್ತು. ಕುಶಾಲಪ್ಪ ತಾಲೂಕು ಕಚೇರಿಯ ಗುಮಾಸ್ತ, ಚನಿಯಪ್ಪ ಕಟ್ಟಿದ ಬೀಡಿಗಳನ್ನು ಪರೀಕ್ಷಿಸುವ ಬೀಡಿ ಬ್ರಾಂಚಿನ ಚೆಕ್ಕರ್. ಇನ್ನೊಬ್ಬರ ತಪ್ಪು ಹುಡುಕುವುದಕ್ಕೇ ಇಬ್ಬರಿಗೂ ಸಂಬಳ.

1962ರಲ್ಲಿ ಬಂಟ್ವಾಳದ ಅವರ ವ್ಯಾಯಾಮ ಸಂಘ ಜೋಡುಮಾರ್ಗದಿಂದ ಮಾಣಿಗೆ ಹೋಗಿ ಮರಳುವ ಹದಿಮೂರು ಮೈಲಿನ ಓಟ ಇಟ್ಟಿತು. ಗೆದ್ದವನು ಮಂಗಳೂರಿನ ಕ್ರೀಡಾಕೂಟಕ್ಕೆ, ಸಂಘಕ್ಕೆ ಒಬ್ಬನೇ. ಕುಶಾಲಪ್ಪನಿಗೆ ಆಗಲೇ ಮೂವತ್ತೈದು. ಆ ವಯಸ್ಸು ದಾಟಿದವರು ಮುಂದಿನ ವರ್ಷದಿಂದ ಕುರ್ಚಿ ಜೋಡಿಸಬಹುದು, ಓಡುವ ಹಾಗಿಲ್ಲ ಎಂದು ಸಂಘದ ನಿಯಮ. ಅವನ ಪಾಲಿಗೆ ಇದೇ ಕೊನೆಯ ಓಟ.

ಅವನ ಲೆಕ್ಕಾಚಾರ ಸರಳ: ಹೋಗುವಾಗ ಆಗದವರ ಮನೆಯ ಮದುವೆಗೆ ಹೊರಟ ಹಾಗೆ, ಬರುವಾಗ ಕೊನೆಯ ಪಂಕ್ತಿಗೆ ಎಲೆ ಹಾಕಿದ್ದಾರೆಂದು ಕೇಳಿದ ಹಾಗೆ. ಚನಿಯಪ್ಪನಿಗೆ ಈ ಬಗೆಯ ತಾಳ್ಮೆ ಇರಲಿಲ್ಲ. ಮೊದಲೇ ಹಾರಿ ಕೊನೆಗೆ ಏದುಸಿರು ಬಿಡುವವನು. ಆದ್ದರಿಂದ ಅವನಿಗೆ ಉಳಿದ ದಾರಿ ಒಂದೇ, ಕುಶಾಲಪ್ಪನನ್ನೂ ಕೆಣಕಿ ಮೊದಲೇ ಓಡಿಸುವುದು.

ಮಧ್ಯಸ್ಥ ಸೈಕಲ್ ಅಂಗಡಿಯ ಅಬ್ದುಲ್ ಶುಕೂರ್. ಹ್ಯಾಂಡಲಿಗೆ ಬೆಲ್ಲದ ನೀರಿನ ಬಾಟ್ಲಿ ತೂಗಿಸಿಕೊಂಡು ಇಬ್ಬರ ನಡುವೆ ಪೆಡಲ್ ತುಳಿಯುತ್ತಿದ್ದ.

"ಶುಕೂರೇ, ಆ ಜನಕ್ಕೆ ಹೇಳು," ಎಂದ ಚನಿಯಪ್ಪ, ಮೇಲ್ಕಾರು ದಾಟುವಾಗಲೇ. "ಹಿಂದಿನಿಂದ ಎತ್ತಿನ ಗಾಡಿ ಬರ್ತಾ ಉಂಟು, ಸೈಡ್ ಕೊಡ್ಲಿ."

"ಕುಶಾಲಣ್ಣ, ಗಾಡಿಗೆ ಸೈಡ್ ಕೊಡಬೇಕಂತೆ."

"ಅವನಿಗೆ ಹೇಳು, ನಾನು ಓಡುವುದು ಮಾಣಿಗೆ ಹೋಗ್ಲಿಕ್ಕಲ್ಲ, ಹೋಗಿ ಬರ್ಲಿಕ್ಕೆ."

"ಹೋಗಿ ಬರ್ಲಿಕ್ಕಂತೆ, ಚನಿಯಪ್ಪಣ್ಣ."

"ಕೇಳಿತು ಮಾರಾಯ. ನನಗೆ ಕಿವಿ ಉಂಟು."

"ಮತ್ತೆ ನಾನ್ಯಾಕೆ ಹೇಳುವುದು?"

"ಕೇಳಿದ್ದು ಬೇರೆ, ಹೇಳಿಸಿಕೊಂಡದ್ದು ಬೇರೆ."

ಕಲ್ಲಡ್ಕದ ಏರಿನಲ್ಲಿ ಚನಿಯಪ್ಪನ ಮಾತೂ ಇನ್ನಷ್ಟು ಮೇಲೇರಿತು. "ಇವನ ಹೆಂಡತಿ ಪದ್ಮಾಕ್ಷಿ ನೀರಿನ ಕೊಡ ಹೊತ್ತು ಇದಕ್ಕಿಂತ ಬೇಗ ನಡೀತಾಳೆ ಅಂತ ಹೇಳು."

ಶುಕೂರ್ ಬ್ರೇಕ್ ಹಿಡಿದ. "ಇಂಥದ್ದೆಲ್ಲ ನಾನು ಹೇಳುವುದಿಲ್ಲ. ಹೆಂಗಸರ ಹೆಸರು ಬೇಡ."

ಹೇಳದಿದ್ದರೂ ತಲುಪಿತು. ಕುಶಾಲಪ್ಪನ ಕಾಲು ತಾನಾಗಿ ನಾಲ್ಕು ಉದ್ದ ಹೆಜ್ಜೆ ಹಾಕಿತು, ಕುತ್ತಿಗೆ ಕೆಂಪೇರಿತು. ಮತ್ತೆ ಹಲ್ಲು ಕಚ್ಚಿ ಅದೇ ನಿಧಾನಕ್ಕೆ ಇಳಿದ. ಇಡೀ ಓಟದಲ್ಲಿ ಅವನು ತೋರಿಸಿದ ದೊಡ್ಡ ಸಾಮರ್ಥ್ಯ ಅದೇ. ನೋಡಿದವರು ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಮಾಣಿಯಲ್ಲಿ ತಿರುಗಿ ಮತ್ತೆ ಕಲ್ಲಡ್ಕಕ್ಕೆ ಬರುವಾಗ ಶುಕೂರನ ಹಿಂದಿನ ಟಯರು ಉಸ್ಸೆಂದಿತು. ಸೈಕಲ್ ಅಂಗಡಿಯವನ ಬಳಿಯೇ ಪಂಪು ಇರಲಿಲ್ಲ. "ನೀವು ಹೋಗಿ. ದಾರಿಯಲ್ಲಿ ಕೊಂದುಕೊಳ್ಳುವುದಿದ್ದರೆ ನೇರವಾಗಿ ಕೊಂದುಕೊಳ್ಳಿ," ಎಂದು ಅಲ್ಲೇ ಕುಳಿತ. ಉಳಿದ ಓಟಗಾರರು ಕಣ್ಣಿಗೂ ಬೀಳದಷ್ಟು ಹಿಂದಿದ್ದರು.

ಮಧ್ಯಸ್ಥನಿಲ್ಲದ ದ್ವೇಷಕ್ಕೆ ನಾಲಗೆ ಇರುವುದಿಲ್ಲ. ಮಾತು ನಿಂತದ್ದೇ ಕುಶಾಲಪ್ಪನಿಗೆ ಉಸಿರು ಸಿಕ್ಕಿತು. ಕೂಡಿಟ್ಟ ಕಾಲುಗಳನ್ನು ಬಿಚ್ಚಿದ. ಮೇಲ್ಕಾರಿಗೆ ಬರುವಷ್ಟರಲ್ಲಿ ಚನಿಯಪ್ಪನ ಹೆಜ್ಜೆಯ ಸದ್ದು ಹಿಂದೆ ತೆಳ್ಳಗಾಯಿತು. ಪಾಣೆಮಂಗಳೂರಿನ ಸೇತುವೆಯ ಮೇಲೆ ಬಂದಾಗ ಆಚೆ ದಡದಲ್ಲಿ ಓಟದ ಕೊನೆ ನೋಡಲು ನೆರೆದ ಜನ ಕಾಣುತ್ತಿದ್ದರು, ಕೆಳಗೆ ನೇತ್ರಾವತಿ. ಮಂಗಳೂರು ಅವನದೇ ಆಗಿತ್ತು.

ಆಗ ಹಿಂದಿನಿಂದ ಒಂದು ಸ್ವರ, ಗಟ್ಟಿಯಾಗಿ ಏನಲ್ಲ:

"ಕುಶಾಲ, ಸ್ವಲ್ಪ ನಿಲ್ಲು ಮಾರಾಯ."

ನಾಲ್ಕು ವರ್ಷ ಕಾದ ಮಾತು! ಕೂಟವನ್ನು ಮಂಗಳೂರಿನವರು ಯಾವಾಗಲೂ ನಡೆಸುತ್ತಾರೆ; ತನಗೆ ಇದೇ ಕೊನೆಯದೆಂಬುದು ಆ ಕ್ಷಣ ನೆನಪಾಗಲಿಲ್ಲ. ಚನಿಯಪ್ಪನ ಸೋತ ಮುಖ ನೋಡಲು ಸಿಗುವುದು ಒಂದೇ ಸಲ. ಕುಶಾಲಪ್ಪ ನಿಂತ. ತಿರುಗಿದ. ಮುಗುಳ್ನಕ್ಕ ಕೂಡ.

ಹನ್ನೆರಡು ಮೈಲು ಓಡಿದ ಕಾಲನ್ನು ನಿಲ್ಲಿಸಬಾರದೆಂದು ಸಂಘದಲ್ಲಿ ಎಲ್ಲರಿಗೂ ಹೇಳಿಕೊಟ್ಟವನು ಅವನೇ. ಮೀನಖಂಡ ಕಲ್ಲಾಯಿತು. ಚನಿಯಪ್ಪ ತಲೆ ತಗ್ಗಿಸಿ, ಅಲ್ಲಿ ಯಾರೂ ಇಲ್ಲವೆಂಬಂತೆ, ಭುಜ ತಾಗಿಸಿಕೊಂಡೇ ದಾಟಿಹೋದ.

ಕುಶಾಲಪ್ಪ ಒಂದು ಹೆಜ್ಜೆ ಇಟ್ಟ, ಇನ್ನೊಂದು ಏಳಲಿಲ್ಲ. ಸೇತುವೆಯ ಕಬ್ಬಿಣ ಹಿಡಿದುಕೊಂಡು, ಎರಡೂ ದಡಕ್ಕೆ ಕೇಳುವಂತೆ ಕೂಗಿದ: "ಏ ಚನಿಯಪ್ಪ! ಕಳ್ಳ ಬಡ್ಡಿಮಗನೇ! ಮೊದಲು ಮಾತಾಡಿದ್ದು ನೀನು!"

ಕುಂಟುತ್ತ ಬಂದು ದೂರು ಕೊಟ್ಟ. ಸಂಘದ ಅಧ್ಯಕ್ಷ ಜತ್ತಪ್ಪ ಮಾಸ್ಟ್ರು ಸಾವಧಾನವಾಗಿ ಕೇಳಿಸಿಕೊಂಡರು. "ನೀವು ಅವನ ಹೆಸರು ಹಿಡಿದು ಕರೆದದ್ದು ನಾವೆಲ್ಲ ಕೇಳಿದ್ದೇವೆ. ಅವ ಕರೆದದ್ದನ್ನು ನೇತ್ರಾವತಿ ಕೇಳಿರಬಹುದು. ಸಾಕ್ಷಿಗೆ ಬರ್ತದೋ ನೋಡುವ."

ಜನ ನಕ್ಕರು. ಓಟವೂ ಹೋಯಿತು, ಮಾತುಬಿಟ್ಟ ಪಂತವೂ ಹೋಯಿತು. ಕುಶಾಲಪ್ಪನಿಗೆ ಇನ್ನು ಉಳಿಸಿಕೊಳ್ಳಲು ಏನೂ ಇರಲಿಲ್ಲ. ಚನಿಯಪ್ಪನ ಎದುರೇ ಒಂದು ಬೆಂಚು ಎಳೆದು ಕುಳಿತ. ಕಾಲು ನೀವಿಕೊಳ್ಳುತ್ತ ಅವನ ಅಜ್ಜನಿಂದ ಬೈಯಲು ಶುರುಮಾಡಿದ, ಆತುರವಿಲ್ಲದೆ, ಮಾಣಿಗೆ ಹೊರಟ ಅದೇ ನಿಧಾನದಲ್ಲಿ. ಚನಿಯಪ್ಪ ಕೊರಳಿನ ಹಾರ ತೆಗೆಯದೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ. ಕಿವಿಯ ತುದಿ ಕೆಂಪಾಗಿತ್ತು, ಎರಡು ಸಲ ಬಾಯಿ ತೆರೆದ, ಮುಚ್ಚಿದ. ಗೆದ್ದವನು; ನೇರವಾಗಿ ಒಂದು ಮಾತಾಡಿದರೂ ಮಾತುಬಿಟ್ಟವನ ಗೆಲುವು ಕೈಬಿಡುತ್ತಿತ್ತು.