ಹಲ್ಲಿನ ಮಷೀನಿಗೆ ಮೊದಲ ಪೆಟ್ಟು

ಕಸ್ತೂರೆಮ್ಮ ತೆಗೆದುಕೊಂಡದ್ದು ಮನೆಯಲ್ಲಿದ್ದ ಎಲ್ಲಕ್ಕಿಂತ ಚಿಕ್ಕ ಸುತ್ತಿಗೆ. ಹೊಡೆದದ್ದೂ ಹೊಡೆತವಲ್ಲ, ಮುಟ್ಟಿಸಿದ ಹಾಗೆ. ಅಷ್ಟಕ್ಕೇ ಮಷೀನಿನ ಮೇಜನ್ನು ಹೊತ್ತಿದ್ದ ದಪ್ಪ ತೋಳು ಲಟಕ್ಕೆಂದು ಮುರಿದು, ಮೇಜಿನ ಸಮೇತ ಅಂಗಳದ ಮಣ್ಣಿಗೆ ಬಿತ್ತು.

ನೋಡಲು ನೆರೆದಿದ್ದ ಮಸ್ಕಿಯ ಕಂಬಾರ ಓಣಿಗೆ ಓಣಿಯೇ ಬಾಯಿ ತೆರೆದು ನಿಂತಿತು. ಆರತಿ ತಟ್ಟೆ ಹಿಡಿದಿದ್ದ ಪಕ್ಕದ ಮನೆಯ ಯಂಕಮ್ಮ, "ಅಯ್ಯ ನಮ್ಮವ್ವ, ಏನ್ ಮಾಡಿದೆಬೇ!" ಎಂದು ಕಿರುಚಿದಳು. ಕಸ್ತೂರೆಮ್ಮ ಸುತ್ತಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಕೊಂಡಳು. ಅಷ್ಟು ಜನ ಕಣ್ಣಾರೆ ಕಂಡದ್ದನ್ನು ಸೆರಗು ಮುಚ್ಚೀತೆ?

ಕಂಬಾರರ ಈ ಮನೆಗೆ ಹೊಸ ಕಬ್ಬಿಣ ಯಾವುದೇ ಬರಲಿ, ಮೊದಲ ಪೆಟ್ಟು ಮನೆಯ ಹೆಣ್ಣುಮಗಳದು. ಕುಲುಮೆಯಲ್ಲಿ ತಿದಿ ಒತ್ತುವವಳು ಅವಳು, ಗಂಡ ಇಕ್ಕಳದಲ್ಲಿ ಹಿಡಿದ ಕಬ್ಬಿಣದ ಮೇಲೆ ದೊಡ್ಡ ಸುತ್ತಿಗೆ ಬೀಸುವವಳೂ ಅವಳು. ಹಾಗಾಗಿ ಕಬ್ಬಿಣ ಮೊದಲು ಅವಳ ಕೈಯ ಗುರುತು ಹಿಡಿಯಬೇಕು. ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಬಂದ ದಿನ ಅತ್ತೆ ಹೊಡೆದಿದ್ದಳು. ಮಷೀನು ಬಂದ ದಿನ ಕಸ್ತೂರೆಮ್ಮನ ಸರದಿ. ಗಂಡ ದೊಡ್ಡಬಸಪ್ಪ ಮಾತ್ರ ಬೆಳಗಿನಿಂದ ಅದೇಕೋ ಗೊಣಗುತ್ತಲೇ ಇದ್ದ.

"ಈ ಸಲ ಪೆಟ್ಟು ಬ್ಯಾಡ, ಕಸ್ತೂರಿ. ಇದು ಬೀಡು ಕಬ್ಬಿಣ, ಎರಕ ಹೊಯ್ದದ್ದು. ತಾಳಂಗಿಲ್ಲ."

ಬೀಡು ಕಬ್ಬಿಣ ಎಂದರೇನೆಂದು ಅವಳಿಗೆ ಹೇಳಿಕೊಡಬೇಕೆ? ಬೀಸಿ ಹೊಡೆದರೆ ಒಡೆಯುತ್ತದೆ, ತಟ್ಟಿದರೆ ಏನೂ ಆಗುವುದಿಲ್ಲ. ಅದಕ್ಕೇ ಅವಳು ಚಿಕ್ಕ ಸುತ್ತಿಗೆ ಹುಡುಕಿ ತಂದದ್ದು. ಆದರೂ ಹೀಗಾಯಿತು. ಮುರಿದದ್ದು ಬರೀ ಮಷೀನಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದಳೇನೋ. ಮುರಿದದ್ದು ಗಂಡನ ಕೈ ಎಂದೇ ಅವಳಿಗೆ ಅನ್ನಿಸಿತು.

ಅವನ ಕೈಯ ಸಂಗತಿ ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಹತ್ತಿಯ ಬೀಜ ಬಿಡಿಸುವ ಸುತ್ತಲಿನ ಜಿನ್ನುಗಳಿಗೆಲ್ಲ ಹಲ್ಲಿನ ಚಕ್ರ ಮಾಡಿಕೊಡುವವನು ದೊಡ್ಡಬಸಪ್ಪ. ಅರ ಹಿಡಿದು ತಿಕ್ಕಿ ತಿಕ್ಕಿ ಅವನು ಕೊರೆದ ಹಲ್ಲು ಒಂದಕ್ಕೊಂದು ಕಚ್ಚಿಕೊಂಡರೆ ಸದ್ದೇ ಬರುತ್ತಿರಲಿಲ್ಲ. ಒಂದು ವರ್ಷದಿಂದ ಅವನ ಕೈ ನಡುಗುತ್ತಿತ್ತು. ನೀರಿನ ತಂಬಿಗೆ ಹಿಡಿದರೆ ನೀರು ಅಂಗಿಯ ಮೇಲೆ. ಅಂದಿನಿಂದ ಹಲ್ಲು ಕೊರೆಯುವವಳು ಕಸ್ತೂರೆಮ್ಮ, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು. ಹೊರಗೆ ಯಾರಾದರೂ ಬಂದರೆ ಅರವನ್ನು ಗಂಡನ ತೊಡೆಯ ಮೇಲಿಟ್ಟು ತಾನು ಒಲೆಯ ಮುಂದೆ ಕೂರುತ್ತಿದ್ದಳು. ಹೊಗಳಿಕೆ ಅವನಿಗೆ, ಹೊಗೆ ಅವಳಿಗೆ. ಅದರ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಗಂಡ ದಿನದಿನಕ್ಕೆ ಮೂಲೆ ಹಿಡಿಯುತ್ತಿದ್ದಾನಲ್ಲ ಎಂಬುದಕ್ಕೆ.

ಮಷೀನಿನ ಮಾತು ತೆಗೆದವಳೂ ಅವಳೇ. ಮಿಲ್ಲಿಂಗ್ ಮಷೀನು ಎಂದು ಪಟ್ಟಣದವರು ಕರೆಯುವ ಅದಕ್ಕೆ ಮಸ್ಕಿಯ ಜನ ಹಲ್ಲಿನ ಮಷೀನು ಎಂದೇ ಹೆಸರಿಟ್ಟಿದ್ದರು. ಚಕ್ರವನ್ನು ಮೇಜಿಗೆ ಬಿಗಿದು ಹಿಡಿಕೆ ತಿರುಗಿಸಿದರೆ ಸಾಕು, ಉಕ್ಕಿನ ಬಾಯಿ ತಾನೇ ಹಲ್ಲು ಕೊರೆಯುತ್ತದೆ. ಕೈ ನಡುಗಿದರೂ ಮಷೀನು ನಡುಗುವುದಿಲ್ಲ. ಗಂಡ ಮತ್ತೆ ಮುಂದಿನ ಪಡಸಾಲೆಯಲ್ಲಿ ಎದೆಯೆತ್ತಿ ಕೂರುತ್ತಾನೆ. ಅವಳ ಆಸೆ ಇಷ್ಟೇ.

ಅವರ ಕೈಗೆಟುಕುವಂಥವು ಎರಡೇ ಇದ್ದವು. ಒಂದು ಸಿಂಧನೂರಿನ ಜಿನ್ನಿನ ಯಜಮಾನ ಪಂಪಣ್ಣ ಸಾವ್ಕಾರನ ಹತ್ತಿರ. ಗಟ್ಟಿ ಮಷೀನು, ದುಡಿದು ತೀರಿಸಿದರೆ ಆಯಿತು ಎಂದಿದ್ದ. ಇನ್ನೊಂದು ಲಿಂಗಸುಗೂರಿನ ಹಳೇ ಸಾಮಾನಿನ ದಲಾಲಿ ರಹಮಾನಸಾಬನ ಹಿತ್ತಲಲ್ಲಿ. ಆ ಕಡೆಯ ಚಿನ್ನದ ಗಣಿ ಮುಚ್ಚಿದಾಗ ಹರಾಜಿನಲ್ಲಿ ಬಂದದ್ದು, ಅಗ್ಗ. ದೊಡ್ಡಬಸಪ್ಪ ಎರಡನ್ನೂ ನೋಡಿಬಂದು, "ಸಿಂಧನೂರಿಂದು ಮಾರಿ ಹೋಗೈತಿ. ಲಿಂಗಸುಗೂರಿಂದ ತರ್ತೀನಿ" ಎಂದಿದ್ದ. ತರಲು ಹೋದವನು ಬೇಗ ತಿರುಗಿ ಬರಲಿಲ್ಲ. ಬಂದಾಗ ಓಣಿಯ ಖಾಜಾಸಾಬನ ಎತ್ತಿನ ಬಂಡಿಯಲ್ಲಿ ಮಷೀನಿತ್ತು, ಕಪ್ಪು ಬಣ್ಣ ಬಳಿದು ಮದುವಣಗಿತ್ತಿಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು.

ಈಗ ಅದೇ ಮದುವಣಗಿತ್ತಿ ಅಂಗಳದಲ್ಲಿ ತೋಳು ಮುರಿದುಕೊಂಡು ಬಿದ್ದಿದ್ದಳು.

ಕಸ್ತೂರೆಮ್ಮ ಮಂಡಿಯೂರಿ ಮುರಿದ ತುಂಡನ್ನು ಎತ್ತಿಕೊಂಡಳು. ಒಡೆದ ಬಾಯಿಯ ಮೇಲೆ ಬೆರಳಾಡಿಸುತ್ತಿದ್ದವಳು ಥಟ್ಟನೆ ಕೈ ತಡೆದಳು. ಹೊಸದಾಗಿ ಒಡೆದ ಬೀಡು ಬೂದಿಬಣ್ಣಕ್ಕೆ ಹೊಳೆಯಬೇಕು. ಇಲ್ಲಿ ಹೊಳೆಯುತ್ತಿದ್ದದ್ದು ಅಂಚಿನ ಒಂದು ಸಣ್ಣ ಪಟ್ಟಿ ಮಾತ್ರ. ಉಳಿದದ್ದೆಲ್ಲ ಹಳೇ ಎಣ್ಣೆ ಕುಡಿದು ಕರ್ರಗಾಗಿತ್ತು, ನಡುವೆ ಅರಗು ಮೆತ್ತಿತ್ತು. ಮೂಗಿನ ಹತ್ತಿರ ಹಿಡಿದಳು. ಅರಗಿನದೇ ವಾಸನೆ.

"ನಾ ಮುರದಿಲ್ಲ!" ಎಂದು ಕೂಗಿದಳು. "ನೋಡ್ರಿ ಎಲ್ರೂ! ಮೊದಲೇ ಬಿರುಕು ಬಿಟ್ಟಿದ್ದಕ್ಕ ಅರಗು ತುಂಬಿ, ಮ್ಯಾಲೆ ಬಣ್ಣ ಬಳದು ನಮ್ಮ ತಲಿಗೆ ಕಟ್ಟ್ಯಾನ ಆ ರಹಮಾನಸಾಬ!"

ಜೀವ ಬಂದ ಹಾಗಾಯಿತು ಅವಳಿಗೆ. ಹಿಂದೆಯೇ ಮೈಯೆಲ್ಲ ಉರಿಯಿತು. ಓಣಿಯವರೂ ಹೌದೌದೆಂದು ತಲೆದೂಗಿದರು. ದೊಡ್ಡಬಸಪ್ಪನೊಬ್ಬ ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದ.

"ಬಿಡು, ಕಸ್ತೂರಿ. ಹೋದದ್ದು ಹೋತು."

"ಬಿಡೂದಾ? ಯಾಕ ಬಿಡ್ಲಿ? ಖಾಜಾಸಾಬಣ್ಣ, ಬಂಡಿ ಹೂಡು. ಲಿಂಗಸುಗೂರಿಗೆ ಹೋಗೂನು. ಮಾತು ಕೇಳ್ಲಿಲ್ಲಂದ್ರ ಅಮೀನ್ ಸಾಹೇಬ್ರ ಮುಂದ ಹೋಗಿ ನಿಂದರ್ತೀನಿ."

ಪೋಲೀಸ್ ಅಮೀನನ ಹೆಸರು ಕೇಳಿದ್ದೇ ಗಂಡ ದಡಕ್ಕನೆ ಎದ್ದ. ಬೇಡವೆಂದ, ಕೈ ಮುಗಿದ, ಕೊನೆಗೆ ತಾನೂ ಬಂಡಿ ಹತ್ತಿದ. ಮೋಸ ಹೋದವನು ಕೈ ಮುಗಿಯುವುದೇಕೆ ಎಂದು ಅವಳು ಆಗಲೇ ಯೋಚಿಸಬೇಕಿತ್ತು. ಸಿಟ್ಟು ನೆತ್ತಿಗೇರಿದವರಿಗೆ ಯೋಚನೆ ಎಲ್ಲಿಂದ ಬರಬೇಕು? ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೇ ಹೋದಳು.

ರಹಮಾನಸಾಬ ಹಿತ್ತಲಲ್ಲಿ ಹಳೇ ಕೊಳವೆಗಳ ನಡುವೆ ಕೂತು ಚಹಾ ಕುಡಿಯುತ್ತಿದ್ದ. ಗಡ್ಡ ಬೆಳ್ಳಗಾದ ಮನುಷ್ಯ. ಕಸ್ತೂರೆಮ್ಮ ಮುರಿದ ತುಂಡನ್ನು ಅವನ ಮುಂದೆ ದೊಪ್ಪೆಂದು ಹಾಕಿ, ಹೊಂದಿಸಿಕೊಂಡು ತಂದದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಬಡವರ ಹೊಟ್ಟೆಯ ಮೇಲೆ ಹೊಡೆದವನಿಗೆ ಇಮಾನಿಲ್ಲ ಎಂದಳು, ಈ ವಯಸ್ಸಿನಲ್ಲಿ ಅಲ್ಲಾನಿಗಾದರೂ ಹೆದರಬೇಡವೇ ಎಂದಳು. ಮುದುಕ ಚಹಾದ ಬಟ್ಟಲು ಕೆಳಗಿಟ್ಟ. ಅವಳನ್ನು ನೋಡಲಿಲ್ಲ, ಅವಳ ಹಿಂದೆ ನಿಂತಿದ್ದ ಗಂಡನನ್ನು ನೋಡಿದ.

"ದೊಡ್ಡಬಸಪ್ಪ, ಮನ್ಯಾಗ ಹೇಳಿಲ್ಲೇನಪ?"

ದೊಡ್ಡಬಸಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ತಾಯಿ," ಎಂದ ರಹಮಾನಸಾಬ. "ಅಲ್ಲಾನ ಆಣಿ ಮಾಡಿ ಹೇಳ್ತೀನಿ. ಬಿರುಕು ನಾನ ತೋರ್ಸೀನಿ. ಇದು ಕೆಲಸಕ್ಕ ಬರಂಗಿಲ್ಲ, ತೂಕಕ್ಕ ಮಾರೂದು ಅಂದೆ. ಇಂವ ಕೇಳ್ಲಿಲ್ಲ. ಇಲ್ಲೇ ನನ್ನ ಹಿತ್ತಲದಾಗ ಉಳದು, ಮನಿಯಿಂದ ತಂದ ಅರಗಿನಾಗ ಕಬ್ಬಿಣದ ಪುಡಿ ಕಲಸಿ ತಾನ ತುಂಬಿದ. ಬಣ್ಣನೂ ತಾನ ಬಳದ. ನನಗ್ಯಾಕ ತಾಯಿ ಈ ಮಾತು?"

ಕಸ್ತೂರೆಮ್ಮ ಮುರಿದ ತುಂಡನ್ನು ಎತ್ತಿ ಮತ್ತೆ ಮೂಸಿದಳು. ಅರಗು! ಕುಡಗೋಲಿನ ಹಿಡಿಕೆ ಕೂಡಿಸಲು ಗೂಡಿನಲ್ಲಿಟ್ಟಿದ್ದ ಅರಗಿನ ಗಟ್ಟಿ ಕಾಣದೆ ವಾರವೆಲ್ಲ ಹುಡುಕಿದ್ದಳು. ಇಲಿಯನ್ನು ಬೈದಿದ್ದಳು, ಯಂಕಮ್ಮನ ಮೇಲೂ ಒಂದು ಗಳಿಗೆ ಅನುಮಾನ ಪಟ್ಟಿದ್ದಳು. ತನ್ನದೇ ಮನೆಯ ಅರಗಿನ ವಾಸನೆ ಹಿಡಿದು ಬೇರೆಯವನನ್ನು ಕಳ್ಳನೆಂದು ಕೂಗಿದ್ದಳು. ನಾಚಿಕೆಯಿಂದ ಅವಳ ಮುಖ ಸುಟ್ಟಿತು. ಮುದುಕನ ಕಾಲು ಮುಟ್ಟಲು ಬಗ್ಗಿದಳು. ಅವನು ಕಾಲು ಹಿಂದಕ್ಕೆಳೆದುಕೊಂಡು, "ಇರ್ಲಿ ಬಿಡವ್ವ. ಸಿಂಧನೂರಿಂದು ಚಲೋ ಐತಿ, ಅದನ್ನ ತಗೋ ಅಂತನೂ ಹೇಳಿದ್ದೆ" ಎಂದ.

"ಅದು ಮಾರಿ ಹೋಗೈತಲ್ರಿ."

"ಎಲ್ಲಿ ಮಾರಿ ಹೋಗೈತಿ? ಮೊನ್ನಿ ನಾನ ಕಣ್ಣಿಲೆ ನೋಡಿ ಬಂದೀನಿ."

ಒಂದೇ ದಿನ ಇನ್ನೆಷ್ಟು ಸಿಡಿಲು ಬಡಿಯಬೇಕು ಒಬ್ಬಳಿಗೆ! ಅವಳು ಗಂಡನ ಕಡೆ ತಿರುಗಿದಳು. ಬೈಯಬೇಕೆಂದಿದ್ದಳು, ಬೈಗುಳವೆಲ್ಲ ರಹಮಾನಸಾಬನಿಗೇ ಖರ್ಚಾಗಿತ್ತು.

"ಯಾಕ ಹಿಂಗ ಮಾಡಿದ್ರಿ?"

ದೊಡ್ಡಬಸಪ್ಪ ಕೊಳವೆಯೊಂದರ ಮೇಲೆ ಕುಸಿದು ಕೂತ. "ಸಾವ್ಕಾರ ಕೊಡ್ತೀನಂದ. ದುಡದು ತೀರಸೂ ಕೈ ಹೆಂಗೈತಿ ನೋಡ್ಬೇಕು, ನನ್ನ ಮುಂದ ಒಂದ ಹಲ್ಲು ಕೊರದು ತೋರ್ಸು ಅಂದ. ಅರ ಕೈಯಾಗ ಹಿಡದೆ. ಕೈ ಕುಣ್ಯಾಕತ್ತಿತು. ಹೊಟ್ಟಿ ನೋವು ಅಂತ ಸುಳ್ಳು ಹೇಳಿ ಎದ್ದು ಬಂದೆ. ಗೊತ್ತಾಗಿದ್ರ ಸುತ್ತೂರಾಗ ಒಬ್ರೂ ನಮ್ಮ ಬಾಗಿಲಿಗೆ ಬರ್ತಿರ್ಲಿಲ್ಲ."

"ನನ್ನ ಕರಕೊಂಡ ಹೋಗಿದ್ರ ನಾ ಕೊರದು ತೋರಿಸ್ತಿದ್ದೆ."

ಅವನು ತಲೆಯೆತ್ತಲಿಲ್ಲ. "ಹೆಣ್ಣುಮಗಳು ಕೊರೀತಾಳ ಅಂತ ಯಾವ ಬಾಯಿಲೆ ಹೇಳ್ಲಿ?"

ಮಷೀನು ಮುರಿದಾಗ ಆಗದಿದ್ದ ನೋವು ಅವಳಿಗೆ ಆಗ ಆಯಿತು. ಬಿರುಕು ಬಿಟ್ಟ ಮಷೀನನ್ನು ಬಣ್ಣ ಬಳಿದು, ಆರತಿ ಎತ್ತಿಸಿ, ಓಣಿಯ ಮುಂದೆ ಮೆರೆಸಬಹುದು. ವರ್ಷವಿಡೀ ಮನೆ ನಡೆಸಿದ ಅವಳ ಕೈಯನ್ನು ಮಾತ್ರ ಬಾಯಲ್ಲಿ ಕೂಡ ಹೇಳಬಾರದು. ಬಾಗಿಲು ಹಾಕಿಕೊಂಡದ್ದು ಗಂಡನ ಮರ್ಯಾದೆಗೆಂದು ಅವಳು ತಿಳಿದಿದ್ದಳು. ಅವನಿಗೆ ಅದೊಂದು ಅವಮಾನವಾಗಿತ್ತೆಂದು ಈಗ ತಿಳಿಯಿತು. ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಂಡು ಬಂಡಿ ಹತ್ತಿದಳು.

"ಖಾಜಾಸಾಬಣ್ಣ, ಸಿಂಧನೂರಿಗೆ ಹೊಡಿ."

ಸಿಂಧನೂರಿನ ದಾರಿ ಮಸ್ಕಿಯ ಮೇಲೆಯೇ ಹೋಗುತ್ತದೆ. ಬಂಡಿ ಅವರ ಮನೆಯ ಮುಂದೆ ಬಂದಾಗ ಎತ್ತುಗಳು ರೂಢಿಯಂತೆ ನಿಂತವು. ಯಂಕಮ್ಮ ಓಡಿಬಂದು, "ಏನಾತಬೇ? ರೊಕ್ಕ ತಿರುಗಿ ಕೊಟ್ನಾ?" ಎಂದು ಕೇಳಿದಳು. ಕಸ್ತೂರೆಮ್ಮ, "ಆ ಮುದುಕಂದು ಏನೂ ತಪ್ಪಿಲ್ಲಬೇ, ಎಲ್ರಿಗೂ ಹೇಳು" ಎಂದಷ್ಟೇ ಅಂದು ಬಂಡಿ ಮುಂದಕ್ಕೆ ಹೊಡೆಸಿದಳು. ಗಂಡ ಇಳಿಯುತ್ತಾನೇನೋ ಎಂದು ಓರೆಗಣ್ಣಿನಲ್ಲಿ ನೋಡಿದಳು. ಅವನು ಇಳಿಯಲಿಲ್ಲ.

ಮರುದಿನ ಅವರು ಮುಟ್ಟಿದಾಗ ಪಂಪಣ್ಣ ಸಾವ್ಕಾರ ಜಿನ್ನಿನ ಅಂಗಳದಲ್ಲಿ, ಹತ್ತಿ ಬಿಗಿದು ಕಟ್ಟಿದ ಅಂಡಿಗೆಗಳ ನಡುವೆ ನಿಂತಿದ್ದ. ಬಾಯಲ್ಲಿ ಎಲೆ ಅಡಿಕೆ, ದನಿ ದೊಡ್ಡದು. "ಬಾರಪ ದೊಡ್ಡಬಸಪ್ಪ, ಹೊಟ್ಟಿ ನೋವು ಇಳೀತೇನು?" ಎಂದು ನಕ್ಕ. ಮೇಲೆ ಹೊದಿಸಿದ್ದ ತಾಡಪತ್ರಿ ಸರಿಸಿ ಮಷೀನು ತೋರಿಸಿದ. ಬಣ್ಣ ಹೋಗಿ ಬೋಳಾಗಿತ್ತು, ಆದರೆ ಎಲ್ಲೂ ಒಂದು ಗೆರೆಯಿರಲಿಲ್ಲ. ಪಕ್ಕದ ಹಲಗೆಯ ಮೇಲೆ ಹಲ್ಲಿಲ್ಲದ ಚಕ್ರವೊಂದನ್ನು ಬಿಗಿದಿಟ್ಟಿದ್ದರು, ಪಕ್ಕದಲ್ಲಿ ಅರವೂ ಇತ್ತು.

"ಹೂಂ, ಒಂದ ಹಲ್ಲು ಕೊರದು ತೋರ್ಸು. ಮಷೀನು ಒಯ್ಯಿ."

ಕಸ್ತೂರೆಮ್ಮ ಹಲಗೆಯ ಮುಂದೆ ಹೋಗಿ ಕೂತಳು. ಸೆರಗು ಸಿಕ್ಕಿಸಿಕೊಂಡಳು. ಹತ್ತಿ ಹೊರುತ್ತಿದ್ದ ಆಳುಗಳು ಹೊರೆ ಇಳಿಸಿ ನಿಂತರು. ಸಾವ್ಕಾರ ಬಾಯಲ್ಲಿದ್ದುದನ್ನು ಅಗಿಯುವುದನ್ನೇ ಮರೆತ.

"ಏನಿದು? ಈಕಿ ಯಾಕ ಕುಂತಾಳ?"

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಅವಳು ಹೇಳಲಿಲ್ಲ, ಅರವನ್ನೂ ಮುಟ್ಟಲಿಲ್ಲ. ಗಂಡನ ಮುಖ ನೋಡಿ ಮೆಲ್ಲಗೆ ಅಂದಳು: "ಯಾರ ಕೈ ಅಂತ ನೀವ ಹೇಳ್ಬೇಕು. ನೀವು ಹೇಳೂತನ ನಾ ಅರ ಮುಟ್ಟಂಗಿಲ್ಲ. ಹೇಳಂಗಿಲ್ಲಂದ್ರ ಬಂಡಿ ಐತಿ, ಮನಿಗೆ ಹೋಗೂನು."

ದೊಡ್ಡಬಸಪ್ಪನ ಕೈಗಳು ಧೋತರದ ಮಡಿಕೆಯೊಳಗಿದ್ದವು. ಆಳುಗಳಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಹೇಳುವುದಿಲ್ಲ, ತಿರುಗಿ ಹೋಗುವುದೇ ಸೈ ಎಂದು ಅವಳು ಏಳಲು ನೆಲಕ್ಕೆ ಕೈಯೂರಿದಳು. ಆಗ ಅವನು ಎರಡೂ ಕೈ ಹೊರಗೆ ತೆಗೆದು ಸಾವ್ಕಾರನ ಮುಂದೆ ಚಾಚಿದ. ಅವು ಎಲ್ಲರಿಗೂ ಕಾಣುವ ಹಾಗೆ ಕುಣಿಯುತ್ತಿದ್ದವು.

"ನನ್ನ ಕೈ ಹೋಗಿ ವರ್ಷಾತ್ರಿ ಸಾವ್ಕಾರ್ರ. ನಿಮ್ಮ ಜಿನ್ನಿಗೆ ಹೋದ ಸುಗ್ಯಾಗ ಹಾಕಿದ ಚಕ್ರ ನಂದಲ್ಲ. ಈಕಿದು."

ಇಂಥ ಚಕ್ರ ರಾಯಚೂರಿನಲ್ಲೂ ಸಿಗುವುದಿಲ್ಲ ಎಂದು ಬಂದವರಿಗೆಲ್ಲ ತೋರಿಸಿ ಹೆಚ್ಚುಗಾರಿಕೆ ಕೊಚ್ಚಿದವನು ಈ ಸಾವ್ಕಾರನೇ. ಜಿನ್ನಿನ ಕಡೆ ನೋಡಿದ, ಕಸ್ತೂರೆಮ್ಮನನ್ನು ನೋಡಿದ, ಮತ್ತೆ ಜಿನ್ನಿನ ಕಡೆ ನೋಡಿದ. ಅಷ್ಟರಲ್ಲಿ ಅವಳು ಅರ ಹಿಡಿದಾಗಿತ್ತು. ಕಬ್ಬಿಣದ ಪುಡಿ ಹಲಗೆಯ ಮೇಲೆ ಉದುರತೊಡಗಿತು. ದೊಡ್ಡಬಸಪ್ಪ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಉದುರಿದ ಪುಡಿಯನ್ನು ಬಾಯಿಂದ ಊದಿ ಸರಿಸುತ್ತಿದ್ದ.

ಹಲ್ಲಿನ ಆಕಾರ ಮೂಡಿದ್ದೇ ಸಾವ್ಕಾರ ಬೆರಳಿನಿಂದ ಸವರಿ ನೋಡಿದ. ಎಲೆ ಅಡಿಕೆ ಉಗುಳಿ ಬಂದು, "ಮಷೀನು ಬಂಡ್ಯಾಗ ಹೇರ್ರಿ" ಎಂದು ಆಳುಗಳಿಗೆ ಕೂಗಿದ. ಆಮೇಲೆ ನಗು ತಡೆಯಲಾರದೆ, "ಮಸ್ಕಿ ಸುದ್ದಿ ಇಲ್ಲೀತನ ಬಂದೈತಪ ದೊಡ್ಡಬಸಪ್ಪ. ಒಂದ ಮಾತು ನಡೆಸಿಕೊಡು. ಮನಿಗೆ ಹೋದಮ್ಯಾಲ ಈಕಿ ಕೈಯಾಗ ಸುತ್ತಿಗಿ ಕೊಡಬ್ಯಾಡ" ಎಂದ.

ಆಳುಗಳೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಬಸಪ್ಪ ನಗಲಿಲ್ಲ.

"ಕೊಡ್ತೀನ್ರಿ," ಎಂದ. "ಮೊದಲ ಪೆಟ್ಟು ಆಕಿದಾ. ಮಷೀನೂ ಆಕಿದಾ."

ಕಸ್ತೂರೆಮ್ಮನ ಕೈಯಲ್ಲಿದ್ದ ಅರ ನಿಂತುಬಿಟ್ಟಿತು. ಆ ದಿನಗಳಲ್ಲಿ ಅವಳಿಗೆ ಬಡಿದ ಸಿಡಿಲುಗಳಲ್ಲೆಲ್ಲ ಇದೇ ದೊಡ್ಡದು. ಕೊರೆದು ಮುಗಿದಿದ್ದ ಹಲ್ಲನ್ನೇ ಮತ್ತೊಮ್ಮೆ ತಿಕ್ಕತೊಡಗಿದಳು.